ಒಳ್ಳೆಯ ಮಲತಾಯಿಯ ಮನೆಯಲ್ಲಿ ಸ್ವಂತ ಮಗಳು

ಹುಡುಗಿಯನ್ನು ಆಪ್ತಸಮಾಲೋಚನೆಗೆಂದು ನನ್ನ ಬಳಿ ಕಳಿಸಿದ್ದು ಶಾಲೆಯ ಶಿಕ್ಷಕಿ. ವಯಸ್ಸು 14, ಒಂಬತ್ತನೇ ತರಗತಿ. ಕ್ಲಾಸಿನಲ್ಲಿ ಬಾಯಿ ಬಿಡುವುದಿಲ್ಲ, ಬಿಸಿಯೂಟ ಎರಡೆರಡು ಸಲ ಹಾಕಿಸಿಕೊಳ್ಳುತ್ತಾಳೆ, ಮನೆಯಲ್ಲಿ ತಟ್ಟೆ ಮುಟ್ಟುವುದಿಲ್ಲ. ಜೊತೆಗೆ ಬಂದಿದ್ದ ತಾಯಿ ಕೂರುವ ಮೊದಲೇ ತೀರ್ಪು ಕೊಟ್ಟರು: "ಹೊಟ್ಟೆಕಿಚ್ಚು ಮೇಡಂ ಇವಳಿಗೆ. ಆ ಮಗು ಮೇಲೆ."

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಆ ಮಗು ಎಂದರೆ ಎರಡನೇ ಗಂಡನ ಮಗ, 7 ವರ್ಷ. ಮೊದಲ ಗಂಡ ಬೈಕ್ ಅಪಘಾತದಲ್ಲಿ ತೀರಿಕೊಂಡಾಗ ಹುಡುಗಿಗೆ 6. ಅಲ್ಲಿಂದ ಮುಂದೆ ಈ ತಾಯಿ ಕೋಲಾರದ ಬಾಡಿಗೆ ಮನೆಯಲ್ಲಿದ್ದು, ಕಂಪನಿ ಬಸ್ಸಿನಲ್ಲಿ ಶಿಫ್ಟಿಗೆ ಓಡಾಡಿ ಒಬ್ಬರೇ ಮಗಳನ್ನು ಸಾಕಿದ್ದಾರೆ. ಎರಡು ವರ್ಷದ ಹಿಂದೆ ಶ್ರೀನಿವಾಸಪುರದ ಕಡೆಯ ರೈತನ ಜೊತೆ ಮದುವೆ. ಆತನಿಗೆ ವಿಚ್ಛೇದನವಾಗಿತ್ತು, ಮಗ ಅಪ್ಪನ ಹತ್ತಿರವೇ ಉಳಿದಿದ್ದ.

ಹುಡುಗಿಯನ್ನು ಒಬ್ಬಳನ್ನೇ ಕೂರಿಸಿಕೊಂಡಾಗ ಮೊದಲು ಟೊಮ್ಯಾಟೊ ರೇಟಿನ ಮಾತೇ ಆಯಿತು. ಕೋಲಾರದ ಮಕ್ಕಳಿಗೆ ಮಗ್ಗಿ ತಪ್ಪಿದರೂ 15 ಕೆ.ಜಿ. ಬಾಕ್ಸಿನ ದರ ತಪ್ಪುವುದಿಲ್ಲ. ಆಮೇಲೆ ಅವಳಾಗಿಯೇ ಹೇಳಿದಳು: "ಮುಂಚೆ ನಮ್ಮಮ್ಮ ನೈಟ್ ಶಿಫ್ಟ್ ಮುಗಿಸ್ಕೊಂಡು ಬಂದ್ರೂ ಎರಡು ಜಡೆ ಹಾಕೇ ಸ್ಕೂಲಿಗೆ ಕಳಿಸ್ತಿದ್ರು. ಈಗ ಬೆಳಿಗ್ಗೆ ಅವನಿಗೆ ಸ್ನಾನ ಮಾಡಿಸ್ಬೇಕು, ತಿನ್ನಿಸ್ಬೇಕು." ತಲೆ ತಿರುಗಿಸಿ ಬೈತಲೆ ತೋರಿಸಿದಳು. ನೆತ್ತಿಯವರೆಗೆ ನೇರ, ಅಲ್ಲಿಂದಾಚೆ ಸೊಟ್ಟ. ಒಂದು ಜಡೆ ದಪ್ಪ, ಇನ್ನೊಂದು ಇಲಿಬಾಲ. "ಹಿಂದೆ ನಂಗೆ ಕಾಣಲ್ಲ ಅಲ್ವಾ."

ಉಳಿದದ್ದು ಚೂರುಚೂರಾಗಿ ಬಂತು. ಕೋಳಿಸಾರು ಮಾಡಿದ ದಿನ ಒಳ್ಳೆ ತುಂಡೆಲ್ಲ ಹುಡುಗನ ತಟ್ಟೆಗೆ. ಅವನು ಇವಳ ಕೈವಾರ ಮುರಿದರೆ ಏಟು ಇವಳಿಗೆ, ಚಿಕ್ಕವನ ಕೈಗೆ ಸಿಗುವ ಹಾಗೆ ಯಾಕಿಟ್ಟೆ ಎಂದು. ಆ ಹೊತ್ತಿನಲ್ಲಿ ಅಜ್ಜಿ, ಅಂದರೆ ತಾಯಿಯ ಅತ್ತೆ, ಜಗಲಿಯಲ್ಲಿ ಕೂತಿದ್ದರಂತೆ. ಈ ಕೊನೆಯ ವಿವರವನ್ನು ಹುಡುಗಿ ಸುಮ್ಮನೆ ಸೇರಿಸಿದ್ದಲ್ಲ. ಏಟು ಯಾರಿಗೆ ಕೇಳಿಸಲೆಂದು ಬಿತ್ತು ಎಂಬುದು ಅವಳಿಗೆ ಗೊತ್ತಿತ್ತು.

ತಾಯಿಯನ್ನು ನಾನು ದೂರಲಾರೆ. ಮಗಳ ಸಮೇತ ಮರುಮದುವೆಯಾಗಿ ಬಂದ ಹೆಂಗಸಿನ ಮನೆಯಲ್ಲಿ ಇಡೀ ಬೀದಿಗೆ ತಟ್ಟೆಯ ಮೇಲೇ ಕಣ್ಣು. "ಮಲತಾಯಿ ಅನ್ನಿಸ್ಕೋಬಾರದು ಅಂತ ಜೀವ ಹಿಡ್ಕೊಂಡು ಮಾಡ್ತಿದೀನಿ, ಸ್ವಂತ ಮಗಳೇ ಅರ್ಥ ಮಾಡ್ಕೊಳ್ಳಲ್ಲ" ಎಂದು ಅತ್ತರು. ಆದರೂ ಆ ದಿನ ಹೇಳಲೇಬೇಕಾದ್ದನ್ನು ಹೇಳಿದೆ: ನೀವು ದೊಡ್ಡ ಮನಸ್ಸು ಮಾಡಿ ಆ ಹುಡುಗನಿಗೆ ಕೊಡುತ್ತಿರುವುದು ನಿಮ್ಮ ಪಾಲಿನದಲ್ಲ, ಮಗಳ ಪಾಲಿನದು. ಒಳ್ಳೆಯವರು ಎಂಬ ಹೆಸರು ನಿಮಗೆ, ಅದರ ಖರ್ಚು ಅವಳಿಗೆ. ಅವರಿಗೆ ಸಿಟ್ಟು ಬಂತು, ಎದ್ದು ಹೋದರು.

ಮತ್ತೆ ಬಂದದ್ದು ದುಡ್ಡಿನ ವಿಷಯಕ್ಕೆ. ಮೊದಲ ಗಂಡನ ಅಪಘಾತ ಪರಿಹಾರದಲ್ಲಿ ಮಗಳ ಪಾಲನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಬ್ಯಾಂಕಿನಲ್ಲಿ ಠೇವಣಿ ಇಡಿಸಿದೆ. ಅವಳಿಗೆ 18 ತುಂಬುವವರೆಗೆ ನ್ಯಾಯಮಂಡಳಿಯ ಅನುಮತಿ ಇಲ್ಲದೆ ತೆಗೆಯುವಂತಿಲ್ಲ. ಈಗಿನ ಗಂಡನ ಬೋರ್‌ವೆಲ್ ಬತ್ತಿದೆ, ಹೊಸದು ಕೊರೆಸಿದರೆ 1,300 ಅಡಿಗೂ ಭರವಸೆಯಿಲ್ಲ, ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಅವರ ಊರ ಕೆರೆಗೆ ಬಂದಿಲ್ಲ. ಮಗಳ ವಿದ್ಯಾಭ್ಯಾಸಕ್ಕೆ ಬೇಕೆಂದು ಅರ್ಜಿ ಹಾಕಿ ಹಣ ಬಿಡಿಸಿ ಬೋರ್‌ಗೆ ಹಾಕೋಣ ಎಂಬುದು ಯೋಚನೆ.

ಗಂಡನೇ ಒತ್ತಾಯಿಸುತ್ತಿರಬೇಕು ಎಂದುಕೊಂಡು ಆತನನ್ನು ಕರೆಸಿದೆ. ಆತ ಹೇಳಿದ್ದು: "ನಾನು ಕೇಳಿಲ್ಲ ಮೇಡಂ. ಅವಳೇ ನಮ್ಮಮ್ಮನ ಮುಂದೆ ಕೊಡ್ತೀನಿ ಅಂದ್ಲು." ತಾಯಿ ತಲೆ ತಗ್ಗಿಸಿದರು. ಕೋಳಿ ತುಂಡಿನಲ್ಲಿ ನಡೆದದ್ದೇ ಇಲ್ಲಿಯೂ ನಡೆಯುತ್ತಿತ್ತು, ಮೊತ್ತ ಮಾತ್ರ ದೊಡ್ಡದು. 2023ರ ಜುಲೈನಲ್ಲಿ ಟೊಮ್ಯಾಟೊ ಬಾಕ್ಸು 2,000 ರೂಪಾಯಿ ದಾಟಿದ್ದನ್ನು ಕಂಡವರಿಗೆ ಒಂದು ಬೆಳೆ ಕೈಹಿಡಿದರೆ ತೀರಿಸಿಬಿಡುತ್ತೇವೆ ಎನ್ನಿಸುವುದು ಸಹಜವೇ. ಆದರೆ ಆ ಅರ್ಜಿ ಪ್ರಮಾಣ ಮಾಡಿ ಹೇಳುವ ಸುಳ್ಳು, ಅದೂ ಸತ್ತ ತಂದೆ ಬಿಟ್ಟುಹೋದ ಒಂದೇ ಆಸರೆಯ ಮೇಲೆ. ಅದಕ್ಕೆ ಕೈಹಾಕಬೇಡಿ ಎಂದು ಖಡಾಖಂಡಿತವಾಗಿ ಹೇಳಿದೆ. ಸಾಮಾನ್ಯವಾಗಿ ನಾನು ಹೀಗೆ ಆದೇಶ ಕೊಡುವುದಿಲ್ಲ. ನಿಮ್ಮ ಸಂಬಳ, ಪರಿಹಾರದಲ್ಲಿ ನಿಮ್ಮದೇ ಪಾಲು, ಅದರಲ್ಲಿ ಎಷ್ಟು ಕೊಟ್ಟರೂ ಅದು ನಿಮ್ಮ ಇಷ್ಟ, ಕೊಟ್ಟದ್ದಕ್ಕೆ ಲೆಕ್ಕ ಬರೆದಿಡಿ ಎಂದೂ ಸೇರಿಸಿದೆ. ಗಂಡ ಅಷ್ಟೇನೂ ಬೇಸರಪಡಲಿಲ್ಲ. ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿ ನೀರಿನ ಪಾಯಿಂಟ್ ತೋರಿಸುವವನನ್ನು ನಂಬಿ ಹಿಂದೆಯೂ ಕೈಸುಟ್ಟುಕೊಂಡಿದ್ದರಂತೆ.

ಮಲತಂದೆ ಹುಡುಗಿಯನ್ನು ದತ್ತು ತೆಗೆದುಕೊಳ್ಳಲಿ ಎಂಬ ಮಾತನ್ನು ನೆಂಟರು ಎತ್ತಿದ್ದರು. 1956ರ ಹಿಂದೂ ದತ್ತಕ ಕಾಯಿದೆಯಂತೆ, ಬೇರೆ ರೂಢಿ ಇಲ್ಲದಿದ್ದರೆ, 15 ತುಂಬುವ ಮೊದಲೇ ಆಗಬೇಕು ಎಂಬ ಆತುರ. ದತ್ತಕವಾದರೆ ಹುಡುಗಿ ಹೊಸ ಮನೆಯ ಮಗಳಾಗುತ್ತಾಳೆ, ಸರಿ. ಆದರೆ ಹೆತ್ತ ತಂದೆಯ ಮನೆಯ ನಂಟು ಕಾನೂನಿನಲ್ಲಿ ಕಡಿಯುತ್ತದೆ. ಮುಳಬಾಗಿಲು ಕಡೆ ಅವಳ ಅಜ್ಜ ಇನ್ನೂ ಬದುಕಿದ್ದಾರೆ, ಅವರ ಆಸ್ತಿಯಲ್ಲಿ ತೀರಿಕೊಂಡ ಮಗನ ಮಗಳಾಗಿ ಮುಂದೆ ಬರಬಹುದಾದ ಪಾಲು ತಪ್ಪಬಹುದು. ದತ್ತಕ ಇಲ್ಲದಿದ್ದರೆ ಮಲತಂದೆ ಅವಳಿಗೆ ಸಹಜ ಪಾಲಕನೂ ಅಲ್ಲ, ಅವಳು ಆತನಿಗೆ ವಾರಸುದಾರಳೂ ಅಲ್ಲ. ಕೊಡುವ ಮನಸ್ಸಿದ್ದರೆ ಆತ ವಿಲ್ ಬರೆಯಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಎಂದೆ. ಹೆಂಗಸರಿಗೆ, ಮಕ್ಕಳಿಗೆ ಅಲ್ಲಿ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ.

ಎಸ್ಸೆಸ್ಸೆಲ್ಸಿಗೆ ಮೊದಲು ಇನಿಷಿಯಲ್ ಬದಲಿಸಬೇಕೇ ಎಂದೂ ಕೇಳಿದರು. ತಂದೆ ಇಲ್ಲದ ಮಗುವಿನ ಉಪನಾಮ ನಿರ್ಧರಿಸುವ ಹಕ್ಕು ತಾಯಿಗಿದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಹಕ್ಕಿದೆ, ನಿಜ. ಆದರೂ 14ರ ಹುಡುಗಿಯನ್ನು ಕೇಳದೆ ಬದಲಿಸಬೇಡಿ ಎಂದೆ. ಕೇಳಿದೆವು. ಅವಳಿಗೆ ಹಳೆಯದೇ ಬೇಕು.

ಮನೆಗೆ ಹೇಳಿ ಕಳಿಸಿದ್ದು ಸಣ್ಣ ಕೆಲಸಗಳನ್ನು. ಜಗಳವಾದಾಗ ಇಬ್ಬರನ್ನೂ ಕೇಳುವ ಮೊದಲು ಬೈಗುಳ ಬೇಡ, ಏಟಂತೂ ಯಾರಿಗೂ ಬೇಡ. ಬೆಳಿಗ್ಗೆ ಹುಡುಗನ ಸ್ನಾನ ಅವನಪ್ಪನ ಪಾಲಿಗೆ, ತಾಯಿಯ ಹದಿನೈದು ನಿಮಿಷ ಜಡೆಗೆ. ಮದುವೆಯಾದ ಮೇಲೆ ಟ್ರಂಕಿನ ತಳ ಸೇರಿದ್ದ ತಂದೆಯ ಫೋಟೊ ಹುಡುಗಿ ಓದುವ ಮೂಲೆಗೆ ಬರಲಿ, ಪಿತೃಪಕ್ಷದಲ್ಲಿ ಅವರಿಗೂ ಎಡೆ ಇಡಿ. ಹುಡುಗ ತನ್ನ ಹೆತ್ತ ತಾಯಿಯನ್ನು ನೋಡಿ ಬರುವುದನ್ನು ತಡೆಯಬೇಡಿ. ಅವನನ್ನು ಪ್ರೀತಿಸಲೇಬೇಕು ಎಂದು ನಾನು ಯಾರಿಗೂ ಹೇಳಲಿಲ್ಲ. ಪ್ರೀತಿ ಹುಟ್ಟಿದಾಗ ಹುಟ್ಟಲಿ, ಪಂಕ್ತಿಭೇದ ಮಾತ್ರ ಇಬ್ಬರಿಗೂ ಬೇಡ. ಹುಡುಗಿ ಮಲತಂದೆಯನ್ನು ಏನೆಂದೂ ಕರೆಯುವುದಿಲ್ಲ, ಅದು ತಾಯಿಗೆ ದೊಡ್ಡ ನೋವು. ಆತನಿಗೆ ಅಷ್ಟಿಲ್ಲ: "ಏನಾದ್ರೂ ಕರೀಲಿ, ಊಟಕ್ಕೆ ಕರೆದ್ರೆ ಬರ್ಲಿ, ಸಾಕು."

ಜಡೆ ಈಗ ಸರಿಯಾಗಿದೆ, ರಾತ್ರಿ ಊಟ ಕೆಲವು ದಿನ ಮಾಡುತ್ತಾಳೆ. ಫೋಟೊ ಇನ್ನೂ ಹೊರಗೆ ಬಂದಿಲ್ಲ, ಅತ್ತೆ ಒಪ್ಪುತ್ತಿಲ್ಲ. ಮುಂದಿನ ಸಲ ಅವರನ್ನೂ ಕರೆತನ್ನಿ ಎಂದಿದ್ದೇನೆ. ಮಾವಿನ ಕೊಯ್ಲು ಮುಗಿಯಲಿ ಎಂದಿದ್ದಾರೆ.