ಸುಖೋದಯದಲ್ಲಿ ಐದು ದಿನ ಏನು ಮಾಡಿದರು?

ಕಳೆದ ಸಂಚಿಕೆಯಲ್ಲಿ ಥಾಯ್ಲೆಂಡಿನ ಸುಖೋಥಾಯ್ ಊರಿನ ಬಗ್ಗೆ ಒಂದು ಲೇಖನ ಹಾಕಿದ್ದೆವು. ಬೆನ್ನಿಗೊಂದು ಚೀಲ ಏರಿಸಿಕೊಂಡು ತಿರುಗುವ ಬೆಂಗಳೂರಿನ ಗಂಡ ಹೆಂಡತಿ ಅಲ್ಲಿ ಐದು ದಿನ ಇದ್ದು ಬರೆದದ್ದು. ಅದನ್ನು ಓದಿ ಹಾಸನದ ನಿವೃತ್ತ ಇತಿಹಾಸ ಮೇಷ್ಟ್ರೊಬ್ಬರು ಹೀಗೆ ಬರೆದಿದ್ದಾರೆ:

“ಐದು ದಿನದಲ್ಲಿ ನಾನು ಬ್ಯಾಂಕಾಕ್, ಪಟ್ಟಾಯ, ಫುಕೆಟ್ ಮೂರನ್ನೂ ಮುಗಿಸಿ ಬಂದಿದ್ದೆ. ಇವರು ಒಂದೇ ಊರಿನಲ್ಲಿ ಸೈಕಲ್ ತುಳಿದು, ಮಧ್ಯಾಹ್ನ ಮಲಗೆದ್ದು, ನೂಡಲ್ಸ್ ತಿಂದು ಬಂದಿದ್ದಾರೆ. ಇದಕ್ಕೆ ನಾಲ್ಕು ಪುಟವೇ? ಹೋಗುವುದು ಹೇಗೆ, ಸಸ್ಯಾಹಾರಿಗಳಿಗೆ ಊಟ ಉಂಟೇ ಎಂಬ ಮಾತೇ ಇಲ್ಲ. ಸಾಲದ್ದಕ್ಕೆ ‘ಥಾಯ್ಲೆಂಡಿನ ಮೊದಲ ರಾಜಧಾನಿ’ ಎಂದು ಬರೆದಿದ್ದೀರಿ. ಅದು ಸರಿಯೇ?”

ಮೇಷ್ಟ್ರೇ, ನಮಸ್ಕಾರ.

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅಲ್ಲಿ ನಾವು ಸಿಕ್ಕಿಬಿದ್ದಿದ್ದೇವೆ.

‘ಮೊದಲ ರಾಜಧಾನಿ’ ಅನ್ನುವುದು ಥಾಯ್ ಶಾಲೆಯ ಪುಸ್ತಕಗಳ ಮಾತು, ಪ್ರವಾಸಿ ಫಲಕಗಳ ಮಾತು. 1238ರ ಸುಮಾರಿಗೆ ಶ್ರೀ ಇಂದ್ರಾದಿತ್ಯ ಕಾಂಬೋಡಿಯಾದ ಖ್ಮೇರರ ಹಿಡಿತ ತಪ್ಪಿಸಿ ಇಲ್ಲಿ ರಾಜ್ಯ ಕಟ್ಟಿದ. ಅಷ್ಟು ನಿಜ. ಆದರೆ ಲೋಪ್‌ಬುರಿ ಅದಕ್ಕಿಂತ ಹಳೆಯ ಪಟ್ಟಣ. ಉತ್ತರದಲ್ಲಿ ಮಂಗ್ರಾಯ್ ದೊರೆ 1296ರಲ್ಲಿ ಚಿಯಾಂಗ್ ಮಾಯ್ ಕಟ್ಟಿ ತನ್ನದೇ ರಾಜ್ಯ ಆಳುತ್ತಿದ್ದ. ಒಂದಾದ ಮೇಲೊಂದು ರಾಜಧಾನಿ, ಸುಖೋಥಾಯ್, ಆಮೇಲೆ ಅಯುತ್ಥಯಾ, ಆಮೇಲೆ ಬ್ಯಾಂಕಾಕ್ ಎಂಬ ನೇರ ಸಾಲು 20ನೇ ಶತಮಾನದಲ್ಲಿ, ದೇಶಕ್ಕೊಂದು ಮೂಲ ಬೇಕಾದಾಗ ಗಟ್ಟಿಯಾದದ್ದು. ಮುಂದೆ ಆರನೇ ರಾಮನಾಗಿ ಪಟ್ಟಕ್ಕೆ ಬಂದ ವಜಿರಾವುಧ್, ಯುವರಾಜನಾಗಿದ್ದಾಗ ಈ ಹಾಳೂರನ್ನು ತಾನೇ ಸುತ್ತಿ ಅದರ ಮೇಲೆ ಪುಸ್ತಕ ಬರೆದಿದ್ದ. ನಮ್ಮ ಲೇಖಕರು ಫಲಕ ನೋಡಿ ಬರೆದರು, ನಾವು ನೋಡದೆ ಅಚ್ಚು ಹಾಕಿದೆವು. ಪಾಠ ಮಾಡಿದವರ ಕಣ್ಣು ತಪ್ಪಿಸುವುದು ಕಷ್ಟ.

ಅಲ್ಲಿಯ ಪ್ರಸಿದ್ಧ ಶಾಸನ ನಿಮಗೆ ಗೊತ್ತೇ ಇರುತ್ತದೆ. ರಾಮ್‌ಖಾಮ್‌ಹೇಂಗ್ ದೊರೆಯದು, 1292ರದ್ದು ಎನ್ನುತ್ತಾರೆ. ಹೆಚ್ಚುಕಡಿಮೆ ನಿಮ್ಮ ಹಳೇಬೀಡಿನಲ್ಲಿ ಮೂರನೇ ಬಲ್ಲಾಳ ಪಟ್ಟಕ್ಕೆ ಬಂದ ಕಾಲ. 1833ರಲ್ಲಿ ಇದನ್ನು ಪತ್ತೆ ಮಾಡಿದವನು, ಆಗಿನ್ನೂ ಭಿಕ್ಷುವಾಗಿದ್ದ, ಮುಂದೆ ದೊರೆಯಾದ ಮೊಂಗ್‌ಕುಟ್. ‘ನೀರಿನಲ್ಲಿ ಮೀನುಂಟು, ಗದ್ದೆಯಲ್ಲಿ ಅಕ್ಕಿಯುಂಟು’ ಎಂಬ ಸಾಲು ಅದರದ್ದೇ. ಇದು ಅಷ್ಟು ಹಳೆಯದಲ್ಲ ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಆ ಜಗಳಕ್ಕೆ ನಾನು ಇಳಿಯುವುದಿಲ್ಲ. ಆದರೆ ಊರಿನ ಹೆಸರುಗಳನ್ನು ನೋಡಿ: ಸುಖೋಥಾಯ್ ಅಂದರೆ ಸುಖೋದಯ. ಪಕ್ಕದ ಫಿಟ್ಸನುಲೋಕ್ ನಮ್ಮ ವಿಷ್ಣುಲೋಕ. ಸಾವನ್‌ಖಲೋಕ್ ಸ್ವರ್ಗಲೋಕ. ಬಸ್ಸಿನ ಫಲಕ ಥಾಯ್ ಲಿಪಿಯಲ್ಲಿದ್ದರೂ ಕಂಡಕ್ಟರ್ ಕೂಗಿದರೆ ನಮಗೆ ಅರ್ಧ ಅರ್ಥವಾಗುವ ಊರುಗಳು!

ಎರಡನೆಯದು, ಹೋಗುವುದು ಹೇಗೆ ಎಂಬ ಮಾತು. ಲೇಖಕರು ಅದನ್ನು ಬರೆದೇ ಕೊಟ್ಟಿದ್ದರು. ಕೊನೆಯ ಗಳಿಗೆಯಲ್ಲಿ ಒಂದು ಜಾಹೀರಾತು ಬಂತು, ನನ್ನ ಕತ್ತರಿ ಆ ಭಾಗದ ಮೇಲೆಯೇ ಹೋಯಿತು. ತಪ್ಪು ನನ್ನದು. ಈಗ ಹೇಳುತ್ತೇನೆ. ಬ್ಯಾಂಕಾಕಿನಿಂದ ರೈಲಿನಲ್ಲಿ ಫಿಟ್ಸನುಲೋಕ್ ತನಕ ಹೋಗಿ, ಅಲ್ಲಿಂದ ಸುಮಾರು 60 ಕಿಲೋಮೀಟರ್ ಬಸ್ಸು. ಉತ್ತರದ ದೂರದ ರೈಲುಗಳು 2023ರಿಂದ ಬಾಂಗ್ ಸ್ಯೂನಲ್ಲಿರುವ ಹೊಸ ದೊಡ್ಡ ನಿಲ್ದಾಣದಿಂದ ಹೊರಡುತ್ತವೆ, ಹಳೆಯ ಹುವಾ ಲಂಪೋಂಗ್‌ಗೆ ಹೋಗಿ ಕಾಯಬೇಡಿ. ಬಸ್ಸಿಳಿಯುವುದು ಯೋಮ್ ನದಿ ದಂಡೆಯ ಹೊಸ ಊರಿನಲ್ಲಿ. ಹಳೆಯ ಊರು ಅಲ್ಲಿಂದ 12 ಕಿಲೋಮೀಟರ್ ಪಶ್ಚಿಮಕ್ಕೆ. ಹಿಂಬದಿಯಲ್ಲಿ ಎರಡು ಸಾಲು ಬೆಂಚು ಹಾಕಿದ ‘ಸೋಂಗ್‌ಥೇವ್’ ಗಾಡಿಗಳು ಓಡಾಡುತ್ತವೆ. ಉಳಿದುಕೊಳ್ಳುವುದಾದರೆ ಹಳೆಯ ಊರಿನಲ್ಲೇ ಉಳಿಯಿರಿ. ಬೆಳಿಗ್ಗೆ ಬೇಗ ಒಳಗೆ ಹೋಗಬಹುದು.

ಊಟದ ಮಾತು ಸ್ವಲ್ಪ ಕಷ್ಟದ್ದೇ. ಆ ಊರಿನ ನೂಡಲ್ಸ್ ಅಂದರೆ ತೆಳು ಅಕ್ಕಿ ಶಾವಿಗೆ. ಮೇಲೆ ಸಣ್ಣಗೆ ಹೆಚ್ಚಿದ ಅಲಸಂದೆ ಕಾಯಿ, ಹುರಿದ ಕಡಲೆಕಾಯಿ ಪುಡಿ, ನಿಂಬೆಹುಳಿ, ತಾಳೆಬೆಲ್ಲ. ಇಲ್ಲಿಯವರೆಗೆ ಎಲ್ಲ ನಮ್ಮದೇ. ಆಮೇಲೆ ಹಂದಿ ಮಾಂಸ, ಮೀನಿನ ಸಾಸ್. ಬರೀ ‘ಮಾಂಸ ಬೇಡ’ ಅಂದರೆ ಸಾಲದು, ಮೀನಿನ ಸಾಸ್ ಬಂದೇ ಬರುತ್ತದೆ. ‘ಜೇ’, ಅಂದರೆ ಶುದ್ಧ ಸಸ್ಯಾಹಾರ, ಎಂದು ಹೇಳಬೇಕು. ಹಳದಿ ಬಟ್ಟೆಯ ಮೇಲೆ ಕೆಂಪು ಅಕ್ಷರದಲ್ಲಿ ಇದೇ ಪದ ಬರೆದು ತೂಗುಹಾಕಿದ ಅಂಗಡಿ ಕಂಡರೆ ಧೈರ್ಯವಾಗಿ ಕೂರಬಹುದು. ಅಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ, ನಿಮ್ಮ ಮನೆಯವರಿಗೆ ಖುಷಿಯಾದೀತು.

ಇನ್ನು ನಿಮ್ಮ ಮುಖ್ಯ ಸಿಟ್ಟು: ಐದು ದಿನ ಒಂದೇ ಊರಿನಲ್ಲಿ ಏನು ಮಾಡಿದರು ಅಂತ. ಮೇಷ್ಟ್ರೇ, ಇಲ್ಲಿ ಮಾತ್ರ ನಾನು ಅವರ ಕಡೆ.

ಸುಖೋಥಾಯ್‌ನ ಹಾಳೂರು ನೋಡುವ ಟಿಕೆಟ್ಟೇ ಮೂರು ತುಂಡು. ಕೋಟೆಯ ಒಳಗಿನದು ಒಂದು, ಉತ್ತರದ್ದು ಒಂದು, ಪಶ್ಚಿಮದ್ದು ಒಂದು. ಟೂರ್ ಬಸ್ಸಿನವರು ಒಳಗಿನದನ್ನು ಎರಡು ತಾಸಿನಲ್ಲಿ ಮುಗಿಸಿ ಹೊರಡುತ್ತಾರೆ. ವಾಟ್ ಮಹಾಧಾತುವಿನ (ವಾಟ್ ಅಂದರೆ ಬೌದ್ಧ ಗುಡಿ) ತಾವರೆ ಮೊಗ್ಗಿನ ಗೋಪುರ ನೋಡಿದರೆ ಆಯಿತು. ಕೆರೆಯ ನಡುವಿನ ವಾಟ್ ಸಾ ಸೀ, ಒಂದು ಕಾಲದಲ್ಲಿ ಹಿಂದೂ ಗುಡಿಯಾಗಿದ್ದ ಮೂರು ಗೋಪುರದ ವಾಟ್ ಸೀ ಸವಾಯ್, ಇವನ್ನೆಲ್ಲ ಕಿಟಕಿಯಿಂದಲೇ ತೋರಿಸುತ್ತಾರೆ. ನಮ್ಮ ಜೋಡಿ ಬೆಳಿಗ್ಗೆ ಆರಕ್ಕೆ ಸೈಕಲ್ ಹತ್ತಿ ಹತ್ತಕ್ಕೆಲ್ಲ ವಾಪಸ್ಸು. ಸೆಪ್ಟೆಂಬರಿನ ಧಗೆಯಲ್ಲಿ ಮಧ್ಯಾಹ್ನ ಅಲ್ಲಿ ನಾಯಿಯೂ ನೆರಳು ಬಿಟ್ಟು ಕದಲುವುದಿಲ್ಲ. ಮತ್ತೆ ನಾಲ್ಕಕ್ಕೆ ಹೊರಟರೆ ಕತ್ತಲಾಗುವವರೆಗೆ.

ಹಾಗೆ ಹೋದದ್ದರಿಂದ ವಾಟ್ ಸೀ ಚುಮ್‌ನ ಬುದ್ಧನ ಬಳಿಗೆ ಅವರು ಮೂರು ಸಲ ಹೋದರು. ದಪ್ಪ ಗೋಡೆಯ ಚೌಕದ ಕಟ್ಟಡ, ತಾರಸಿ ಇಲ್ಲ. ಮುಂದೆ ಒಂದು ಕಿರಿದಾದ ಸೀಳು. ಆ ಸೀಳಿನಲ್ಲಿ ದೂರದಿಂದಲೇ ಒಂದು ಮುಖ ಕಾಣುತ್ತದೆ, ಹತ್ತಿರ ಹೋದಂತೆ ಅದು ಬೆಳೆಯುತ್ತದೆ. ಒಳಗೆ ಕಾಲಿಟ್ಟರೆ ಸುಮಾರು 15 ಮೀಟರ್ ಎತ್ತರದ ಕೂತ ಬುದ್ಧ, ಭಕ್ತರು ಅಂಟಿಸಿದ ಚಿನ್ನದ ರೇಕು ಮೆತ್ತಿದ ಉದ್ದ ಬೆರಳುಗಳು. ಗೋಡೆಯ ದಪ್ಪದೊಳಗೇ ಒಂದು ಗುಟ್ಟಿನ ಮೆಟ್ಟಿಲಿದೆ. ಅಲ್ಲಿ ಯಾರೋ ಅಡಗಿ ಕೂತು ಮಾತಾಡಿ, ಬುದ್ಧನೇ ನುಡಿದ ಎಂದು ಸೈನಿಕರಿಗೆ ಧೈರ್ಯ ತುಂಬುತ್ತಿದ್ದರಂತೆ. ಕತೆ ಇರಬಹುದು. ಆದರೆ ಮೊದಲ ಸಲ ಫೋಟೋ ತೆಗೆದರು, ಎರಡನೇ ಸಲ ಕತೆ ಕೇಳಿದರು, ಮೂರನೇ ಸಲ ಸುಮ್ನೆ ಕೂತರು. ನನಗೆ ಆ ಮೂರನೇ ಸಲದ ಪ್ಯಾರಾ ಬೇಕಿತ್ತು. ಅದಕ್ಕೇ ನಾಲ್ಕು ಪುಟ ಕೊಟ್ಟೆ. ಎರಡು ಪುಟ ಕಮ್ಮಿ ಮಾಡಬಹುದಿತ್ತು ಎಂದರೆ ಜಾಸ್ತಿ ವಾದ ಮಾಡುವುದಿಲ್ಲ.

ನಿಮ್ಮ ಪತ್ರದ ಅಂಚಿನಲ್ಲಿ ಪೆನ್ಸಿಲಿನಲ್ಲಿ ‘ನಾಲ್ಕನೇ ದಿನ ಎಲ್ಲಿ?’ ಎಂದು ಬರೆದಿದ್ದೀರಿ. ಲೇಖನದಲ್ಲಿ ಮೂರಾದ ಮೇಲೆ ಐದಕ್ಕೆ ಹಾರಿದ್ದನ್ನು ನಾನೂ ಗಮನಿಸಿರಲಿಲ್ಲ. ಫೋನ್ ಮಾಡಿ ಕೇಳಿದೆ. ಹೆಂಡತಿ ನಕ್ಕರು. ಆವತ್ತು ಬೆಳಗಿನಿಂದ ಮಳೆಯಂತೆ. ಉಳಿದುಕೊಂಡಿದ್ದ ಮನೆಯ ಅಜ್ಜಿ ಜಗಲಿಯಲ್ಲಿ ಮಾರನೇ ದಿನದ ನೂಡಲ್ಸಿಗೆ ಅಲಸಂದೆ ಕಾಯಿ ಹೆಚ್ಚುತ್ತಿದ್ದರು. ಇವರೂ ಚಾಕು ಹಿಡಿದು ಕೂತರು. ಮಾತು ಬಾರದು, ಭಾಷೆ ಬಾರದು. ಎರಡು ಬುಟ್ಟಿ ಕಾಯಿ ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು. “ಅದನ್ನೇನು ಬರೆಯೋದು ಸಾರ್ ಅಂತ ಬಿಟ್ಟುಬಿಟ್ವಿ” ಅಂದರು.