ಪ್ರೈಮರ್ ಆರಿಸಬೇಕಾದ್ದು ಮದ್ದನ್ನು ನೋಡಿ, ತೋಟಾದ ಹೆಸರನ್ನಲ್ಲ

ಪ್ರಶ್ನೆ: ನಾನು ಬೆಳಗಾವಿಯ ಟಿಳಕವಾಡಿಯವನು. ಕೆಲಸದ ಮೇಲೆ ಅಮೆರಿಕದ ಮಿನ್ನೆಸೋಟಾದಲ್ಲಿದ್ದೇನೆ. ಇಲ್ಲಿ ಕಾನೂನಿನ ಅನುಮತಿ ಇರುವುದರಿಂದ .357 ಮತ್ತು .44 ಮ್ಯಾಗ್ನಮ್ (ಅಂದರೆ ಹೆಚ್ಚು ಶಕ್ತಿಯ) ರಿವಾಲ್ವರ್‌ಗಳ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುತ್ತೇನೆ. ನನ್ನ ಬಳಿ ಇರುವ ಮದ್ದು ವಿಂಚೆಸ್ಟರ್ 296 ಮತ್ತು ಅಲಯಂಟ್ 2400. ಮ್ಯಾಗ್ನಮ್ ತೋಟಾಕ್ಕೆ ಮ್ಯಾಗ್ನಮ್ ಪ್ರೈಮರೇ (ತೋಟಾದ ತಳದಲ್ಲಿ ಕೂತು, ಪೆಟ್ಟು ಬಿದ್ದಾಗ ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಟ್ಟಲು) ಬೇಕೆ? ಅದು ಸಿಗದಿದ್ದರೆ ರೈಫಲ್ ಪ್ರೈಮರ್ ಹಾಕಬಹುದೆ? ಕುದುರೆ (ಟ್ರಿಗರ್) ಹಗುರವಾಗಲೆಂದು ಹ್ಯಾಮರ್ ಸ್ಪ್ರಿಂಗ್ ಬದಲಿಸಿದ ಮೇಲೆ ಕೆಲವು ತೋಟಾಗಳು ಎರಡನೇ ಪೆಟ್ಟಿಗೆ ಸಿಡಿಯುತ್ತಿವೆ, ಏಕೆ? ಖಾನಾಪುರದಲ್ಲಿರುವ ಸೋದರಮಾವನ ಬಳಿ ಲೈಸೆನ್ಸ್ ಇರುವ .32 ರಿವಾಲ್ವರ್ ಇದೆ. ಊರಿಗೆ ಬರುವಾಗ ಅವರಿಗೆ ಒಂದು ಡಬ್ಬಿ ಪ್ರೈಮರ್ ತರಬಹುದೆ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇವೆ: ಖಂಡಿತ ತರಬೇಡಿ. ಪ್ರೈಮರ್ ಮತ್ತು ಮದ್ದನ್ನು ವಿಮಾನದಲ್ಲಿ ಕೈಚೀಲದಲ್ಲೂ ಒಯ್ಯುವಂತಿಲ್ಲ, ಚೆಕ್-ಇನ್ ಪೆಟ್ಟಿಗೆಯಲ್ಲೂ ಒಯ್ಯುವಂತಿಲ್ಲ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆ ತೋಟಾದ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರಗಳನ್ನೂ ಮದ್ದುಗುಂಡು ಎಂದೇ ಎಣಿಸುತ್ತದೆ. ನಿಮ್ಮ ಮಾವನ ಲೈಸೆನ್ಸ್ ಇರುವುದು ಆಯುಧ ಇಟ್ಟುಕೊಳ್ಳಲು. ತೋಟಾ ತಯಾರಿಸಲು 5ನೇ ಕಲಮಿನ ಪ್ರಕಾರ ಬೇರೆಯದೇ ಪರವಾನಗಿ ಬೇಕು. ಅದಿಲ್ಲದೆ ತಯಾರಿಸಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ ಜೈಲು. ಅವರು ಲೈಸೆನ್ಸ್ ಪಡೆದ ಅಂಗಡಿಯಿಂದ, ತಮ್ಮ ಪುಸ್ತಕದಲ್ಲಿ ಬರೆಸಿ, ಕಾರ್ಖಾನೆಯ ತೋಟಾವನ್ನೇ ಕೊಳ್ಳಲಿ. ಇನ್ನು ಮುಂದೆ ಹೇಳುವುದೆಲ್ಲ ನೀವಿರುವ ಊರಿಗೆ, ಅಲ್ಲಿಯ ಕಾನೂನಿಗೆ ಮಾತ್ರ.

ಮ್ಯಾಗ್ನಮ್ ತೋಟಾಕ್ಕೆ ಮ್ಯಾಗ್ನಮ್ ಪ್ರೈಮರ್ ಎಂಬ ಮಾತು ಕೇಳಲು ಸರಿ ಎನ್ನಿಸುತ್ತದೆ, ಆದರೆ ಅರ್ಧವಷ್ಟೇ ನಿಜ. ಪ್ರೈಮರಿನ ಕೆಲಸ ಮದ್ದಿಗೆ ಬೆಂಕಿ ಹಚ್ಚುವುದು. ಆದ್ದರಿಂದ ಯಾವ ಮದ್ದು, ಕೇಸಿನಲ್ಲಿ (ತೋಟಾದ ಲೋಹದ ಕವಚದಲ್ಲಿ) ಎಷ್ಟು ತುಂಬಿದೆ, ಎಂಥ ಚಳಿಯಲ್ಲಿ ಹಾರಿಸುತ್ತೀರಿ ಎಂಬುದೇ ಅದನ್ನು ನಿರ್ಧರಿಸಬೇಕು.

ವಿಂಚೆಸ್ಟರ್ 296 ಗುಂಡುಕಾಳಿನ, ನಿಧಾನವಾಗಿ ಉರಿಯುವ ಮದ್ದು. ಹಾಜ್ಡನ್ ಎಚ್110 ಎಂದು ಮಾರುವುದೂ ಇದೇ. ಇದಕ್ಕೆ ಬೆಂಕಿ ಹತ್ತಿಸುವುದು ಕಷ್ಟ. ಮ್ಯಾಗ್ನಮ್ ಪ್ರೈಮರಿನ ಬಿಸಿಯಾದ ಕಿಡಿ, ತುಂಬಿದ ಕೇಸು, ಬುಲೆಟ್ಟನ್ನು ಬಿಗಿಯಾಗಿ ಹಿಡಿದ ರೋಲ್ ಕ್ರಿಂಪ್ (ಒಳಕ್ಕೆ ಮಡಿಸಿದ ಕೇಸಿನ ಬಾಯಿ), ಈ ಮೂರೂ ಕೂಡಿದರಷ್ಟೇ ಸರಿಯಾಗಿ ಉರಿಯುತ್ತದೆ. .357ಕ್ಕೆ ಇದನ್ನು ಹಾಕುವಾಗ ಸಿಸಿಐ 550, ಫೆಡರಲ್ 200 ಅಥವಾ ವಿಂಚೆಸ್ಟರಿನ ಸ್ಮಾಲ್ ಪಿಸ್ತೂಲ್ ಮ್ಯಾಗ್ನಮ್ ಬಳಸಿ. .44ಕ್ಕೆ ಸಿಸಿಐ 350 ಅಥವಾ ಫೆಡರಲ್ 155 ಆಗುತ್ತದೆ. ವಿಂಚೆಸ್ಟರಿನ ಲಾರ್ಜ್ ಪಿಸ್ತೂಲ್ ಪ್ರೈಮರನ್ನು ಸಾಮಾನ್ಯ ಮತ್ತು ಮ್ಯಾಗ್ನಮ್ ಎರಡಕ್ಕೂ ಸೇರಿಸಿಯೇ ಮಾಡಿದ್ದಾರೆ, ಹಾಗಾಗಿ ಅದೂ ನಡೆಯುತ್ತದೆ. ಇಲ್ಲೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಬೇರೆ ಮದ್ದುಗಳಲ್ಲಿ ತೋಟಾ ತುಂಬುವ ಕೈಪಿಡಿಯ ಗರಿಷ್ಠ ಅಳತೆಗಿಂತ ಶೇ 10 ಕಡಿಮೆಯಿಂದ ಆರಂಭಿಸುವ ರೂಢಿ ಇದೆ, ಆದರೆ ಈ ಮದ್ದಿನಲ್ಲಿ ಹಾಗೆ ಮಾಡಬೇಡಿ. ಶೇ 3ಕ್ಕಿಂತ ಹೆಚ್ಚು ಇಳಿಸಬಾರದೆಂದು ತಯಾರಕರೇ ಹೇಳುತ್ತಾರೆ. ಕೇಸಿನಲ್ಲಿ ಜಾಗ ಖಾಲಿ ಬಿದ್ದರೆ ಅದು ಅರೆಬರೆ ಉರಿದು ಬುಲೆಟ್ಟು ನಳಿಕೆಯೊಳಗೇ ಸಿಕ್ಕಿಕೊಳ್ಳುತ್ತದೆ. ಗೊತ್ತಾಗದೆ ಹಿಂದೆಯೇ ಇನ್ನೊಂದು ಹಾರಿಸಿದರೆ ನಳಿಕೆ ಉಬ್ಬುತ್ತದೆ, ಒಡೆಯಲೂಬಹುದು. ಸಪ್ಪಳ ಠುಸ್ ಎಂದು ಬಂದರೆ ಅಲ್ಲಿಗೇ ನಿಲ್ಲಿಸಿ, ಸಿಲಿಂಡರ್ ತೆರೆದು ಖಾಲಿ ಮಾಡಿ, ನಳಿಕೆಯಲ್ಲಿ ಸರಳು ಹಾಯಿಸಿ ನೋಡಿ.

2400ರ ಸ್ವಭಾವ ಇದಕ್ಕೆ ತದ್ವಿರುದ್ಧ. ಅದು ಸುಲಭವಾಗಿ ಹತ್ತಿಕೊಳ್ಳುತ್ತದೆ. .357ಕ್ಕೆ ಸಿಸಿಐ 500 ಅಥವಾ ಫೆಡರಲ್ 100, .44ಕ್ಕೆ ಸಿಸಿಐ 300 ಅಥವಾ ಫೆಡರಲ್ 150, ಈ ಸಾಮಾನ್ಯ ಪ್ರೈಮರುಗಳೇ ಸಾಕು. ಕೈಪಿಡಿಯಲ್ಲಿ ಸಾಮಾನ್ಯ ಪ್ರೈಮರಿಗೆ ಕೊಟ್ಟ ಗರಿಷ್ಠ ಅಳತೆಗೆ ಮ್ಯಾಗ್ನಮ್ ಪ್ರೈಮರ್ ಹಾಕಿದರೆ ಒತ್ತಡ ಮಿತಿ ಮೀರಬಹುದು. .357ರ ಮಿತಿ ಪ್ರತಿ ಚದರ ಇಂಚಿಗೆ 35,000 ಪೌಂಡ್, .44ರದು 36,000. ಗರಿಷ್ಠ ಅಳತೆ ಈ ಅಂಚಿನ ಹತ್ತಿರವೇ ಇರುವುದರಿಂದ ಅಲ್ಲಿ ಸ್ವಲ್ಪ ಹೆಚ್ಚಳವೂ ಲೆಕ್ಕಕ್ಕೆ ಬರುತ್ತದೆ. ಮಿನ್ನೆಸೋಟಾದ ಚಳಿಗೆಂದು ಮ್ಯಾಗ್ನಮ್ ಪ್ರೈಮರೇ ಬೇಕೆನ್ನಿಸಿದರೆ ಮದ್ದನ್ನು ಶೇ 10 ಇಳಿಸಿ, ಅರ್ಧ ಅರ್ಧ ಗ್ರೇನ್‌ಗಿಂತ (ಗ್ರೇನ್ ಎಂದರೆ ಮದ್ದು ತೂಗುವ ಅಳತೆ) ಹೆಚ್ಚಿಲ್ಲದಂತೆ ಏರಿಸುತ್ತ ಬನ್ನಿ. ಚಳಿಯಲ್ಲಿ ಹೊಂದಿಸಿದ ಅಳತೆಯನ್ನು ಬೇಸಿಗೆಯಲ್ಲಿ ಮತ್ತೆ ಪರೀಕ್ಷಿಸಬೇಕು. ಯೂನಿಕ್, ಬುಲ್ಸ್‌ಐ ತರಹದ ಬೇಗ ಉರಿಯುವ ಮದ್ದುಗಳಿಗೆ ಸಾಮಾನ್ಯ ಪ್ರೈಮರೇ ಸರಿ, ತೋಟಾದ ಹೆಸರು ಮ್ಯಾಗ್ನಮ್ ಆಗಿದ್ದರೂ.

ಒತ್ತಡ ಹೆಚ್ಚಿದ್ದನ್ನು ಪ್ರೈಮರ್ ಚಪ್ಪಟೆಯಾದದ್ದರಿಂದ ಗುರುತಿಸುವ ರೂಢಿ ಇದೆ. ನಾವು ಅದನ್ನು ಹೆಚ್ಚು ನಂಬುವುದಿಲ್ಲ, ಏಕೆಂದರೆ ಒಂದೊಂದು ಕಂಪನಿಯ ಪ್ರೈಮರಿನ ತಗಡು ಒಂದೊಂದು ಗಡಸು. ಖಾಲಿ ಕೇಸು ಸಿಲಿಂಡರಿನಿಂದ ಸಲೀಸಾಗಿ ಹೊರಬರದೆ ಕೇಸನ್ನು ಹೊರದೂಡುವ ಎಜೆಕ್ಟರ್ ಸರಳನ್ನು ಬಡಿಯಬೇಕಾಗಿ ಬಂದರೆ ಅದು ಗಟ್ಟಿ ಸೂಚನೆ. ಕೂಡಲೇ ಅಳತೆ ಇಳಿಸಿ.

ಈಗ ರೈಫಲ್ ಪ್ರೈಮರ್. .44ರಲ್ಲಿ ಲಾರ್ಜ್ ರೈಫಲ್ ಪ್ರೈಮರ್ ಹಾಕಲೇಬಾರದು. ಎರಡರ ವ್ಯಾಸವೂ 0.210 ಇಂಚು, ಆದರೆ ರೈಫಲಿನದು ಸುಮಾರು 0.008 ಇಂಚು ಎತ್ತರ. ಕೇಸಿನ ತಳದಿಂದ ಹೊರಗೆ ನಿಂತು ಸಿಲಿಂಡರ್ ತಿರುಗುವಾಗ ಚೌಕಟ್ಟಿಗೆ ಉಜ್ಜುತ್ತದೆ. ಸ್ಮಾಲ್ ರೈಫಲ್ ಮತ್ತು ಸ್ಮಾಲ್ ಪಿಸ್ತೂಲ್ ಎತ್ತರ ಒಂದೇ ಆದ್ದರಿಂದ .357ರಲ್ಲಿ ಅದು ಕೂರುತ್ತದೆ. ಆದರೆ ತಗಡು ದಪ್ಪ, ಹಗುರ ಮಾಡಿದ ಸ್ಪ್ರಿಂಗಿನ ಪೆಟ್ಟು ಅದಕ್ಕೆ ಸಾಲದು. ಕೈಪಿಡಿಯ ಅಳತೆಗಳೂ ಅದಕ್ಕೆ ಲೆಕ್ಕ ಹಾಕಿದ್ದಲ್ಲ. ಮ್ಯಾಗ್ನಮ್ ಪ್ರೈಮರ್ ಸಿಗದ ದಿನಗಳಲ್ಲಿ 296ನ್ನು ಪಕ್ಕಕ್ಕಿಟ್ಟು 2400 ಮತ್ತು ಸಾಮಾನ್ಯ ಪ್ರೈಮರ್ ಬಳಸಿ, ಅದೇ ಒಳ್ಳೆಯ ದಾರಿ.

ಎರಡನೇ ಪೆಟ್ಟಿಗೆ ಸಿಡಿಯುವುದಕ್ಕೆ ಎರಡು ಕಾರಣ ಇರಬಹುದು. ನೀವೇ ಹೇಳಿದ ಸ್ಪ್ರಿಂಗ್ ಒಂದು. ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ. ಪ್ರೈಮರ್ ಪೂರ್ತಿ ಕೂತಿರದಿದ್ದರೆ ಮೊದಲ ಪೆಟ್ಟು ಅದನ್ನು ಒಳಗೆ ದೂಡುವುದರಲ್ಲೇ ಖರ್ಚಾಗುತ್ತದೆ. ಪ್ರೈಮರಿನೊಳಗಿನ ಅನ್ವಿಲ್ (ಪೆಟ್ಟಿಗೆ ಎದುರಾಗಿ ನಿಲ್ಲುವ ಪುಟ್ಟ ಲೋಹದ ತುಂಡು) ಪ್ರೈಮರ್ ಕೂರುವ ಗುಳಿಯ ತಳಕ್ಕೆ ತಾಗಿ ನಿಂತ ಮೇಲಷ್ಟೇ ಎರಡನೇ ಪೆಟ್ಟು ಕಿಡಿ ಹುಟ್ಟಿಸುತ್ತದೆ. ಮೊದಲು ಗುಳಿಯ ಮಸಿ ಕೆರೆದು ತೆಗೆಯಿರಿ. ಕೂರಿಸಿದ ಮೇಲೆ ಪ್ರತಿ ಕೇಸಿನ ತಳದ ಮೇಲೆ ಬೆರಳಾಡಿಸಿ: ಪ್ರೈಮರ್ ತಳಕ್ಕಿಂತ 0.003ರಿಂದ 0.005 ಇಂಚು ಒಳಗಿರಬೇಕು, ಉಬ್ಬು ಎಳ್ಳಷ್ಟೂ ತಾಗಬಾರದು. ಇದಾದ ಮೇಲೂ ತೊಂದರೆ ಉಳಿದರೆ ಹಳೆಯ ಸ್ಪ್ರಿಂಗನ್ನು ವಾಪಸ್ ಹಾಕಿ. ಹಗುರ ಕುದುರೆ ಬಿಡಲು ಮನಸ್ಸಿಲ್ಲದಿದ್ದರೆ ಫೆಡರಲ್ ಬಳಸಿ ನೋಡಿ, ಅದರ ತಗಡು ಸಿಸಿಐಗಿಂತ ಮೆದು. ಮೊದಲ ಪೆಟ್ಟಿಗೆ ಸಿಡಿಯದ ತೋಟಾ ತಡವಾಗಿ ಸಿಡಿಯಬಹುದು. ಹಾಗಾದಾಗ ನಳಿಕೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಿರಿ. ಅಷ್ಟರೊಳಗೆ ಸಿಲಿಂಡರ್ ತೆರೆಯಬೇಡಿ, ಮುಂದಿನ ತೋಟಾಕ್ಕೂ ತಿರುಗಿಸಬೇಡಿ.

ಪ್ರೈಮರನ್ನು ಕಂಪನಿಯ ಡಬ್ಬಿಯಲ್ಲೇ ಇಡಿ. ಬಾಟಲಿಗೆ ಸುರಿದಿಟ್ಟರೆ ಒಂದು ಸಿಡಿದಾಗ ಎಲ್ಲವೂ ಒಟ್ಟಿಗೆ ಸಿಡಿಯುತ್ತವೆ. ಎಣ್ಣೆಗೈಯಲ್ಲಿ ಮುಟ್ಟಬೇಡಿ, ಎಣ್ಣೆ ಒಳಗಿಳಿದರೆ ಪ್ರೈಮರ್ ಸತ್ತುಹೋಗುತ್ತದೆ.

ಪ್ರಶ್ನೆ: ನಮ್ಮದು ಖಾನಾಪುರ ತಾಲ್ಲೂಕು. ಬೆಳೆ ರಕ್ಷಣೆಗೆ ಲೈಸೆನ್ಸ್ ಇರುವ 12 ಬೋರ್ ಬಂದೂಕು ಇದೆ. ಮಳೆಗಾಲದಲ್ಲಿ ತೋಟಾಗಳಿಗೆ ತೇವ ಹಿಡಿದಿದೆ. ಬಿಸಿಲಿಗೆ ಒಣಗಿಸಿ ಬಳಸಬಹುದೆ?

ಉತ್ತರ: ಬೇಡ. ಬಿಸಿಲಿಗೆ ಹೊರಗಿನ ಕವಚ ಒಣಗಿದಂತೆ ಕಂಡರೂ ಒಳಗಿನ ಮದ್ದು ಮೊದಲಿನಂತಾಯಿತೆಂದು ಹೇಳಲಾಗದು. ಕವಚ ಉಬ್ಬಿದ್ದರೆ, ಹಿತ್ತಾಳೆ ಅಥವಾ ಪ್ರೈಮರ್ ಹಸಿರುಗಟ್ಟಿದ್ದರೆ, ಬಾಯಿಯ ಮಡಿಕೆ ಬಿಚ್ಚಿಕೊಂಡಿದ್ದರೆ ಅದನ್ನು ಬಂದೂಕಿಗೆ ತುಂಬಲೇಬೇಡಿ. ಬಿಚ್ಚಿ ನೋಡುವುದಾಗಲಿ, ಒಲೆಗೆ ಅಥವಾ ಬಾವಿಗೆ ಹಾಕುವುದಾಗಲಿ ಬೇಡ. ಎಷ್ಟು ಹಾಳಾಗಿವೆ ಎಂದು ಎಣಿಸಿ ಲೈಸೆನ್ಸ್ ಪುಸ್ತಕದೊಂದಿಗೆ ಠಾಣೆಗೆ ಅಥವಾ ನೀವು ಕೊಂಡ ಅಂಗಡಿಗೆ ಹೋಗಿ ವಿಚಾರಿಸಿ. ಒಪ್ಪಿಸಿದ್ದಕ್ಕೆ ರಸೀದಿ ಪಡೆಯಿರಿ. ಹೊಸದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ, ಒಲೆಯಿಂದಲೂ ಹಸಿ ಗೋಡೆಯಿಂದಲೂ ದೂರ ಬೀಗ ಹಾಕಿ ಇಡಿ. ಹಳೆಯದನ್ನು ಮುಂದೆ, ಹೊಸದನ್ನು ಹಿಂದೆ ಜೋಡಿಸಿ.