‘ಪರ್ಸುಯೇಶನ್’ ಸಿನಿಮಾಗಳಲ್ಲಿ ಯಾವುದನ್ನು ನೋಡಲಿ? 2022ರದ್ದನ್ನು ಎಲ್ಲರೂ ಯಾಕೆ ಬೈಯುತ್ತಾರೆ?

ನೆಟ್‌ಫ್ಲಿಕ್ಸ್‌ನಲ್ಲಿ 2022ರ ‘ಪರ್ಸುಯೇಶನ್’ ನೋಡಿದೆ, ಇಷ್ಟ ಆಯಿತು, ಆಮೇಲೆ ನೋಡಿದರೆ ಜೇನ್ ಆಸ್ಟೆನ್ ಓದುಗರೆಲ್ಲ ಅದಕ್ಕೆ ಹಿಡಿಶಾಪ ಹಾಕುತ್ತಿದ್ದಾರೆ, ನಾನೇನಾದರೂ ತಪ್ಪು ನೋಡಿದೆನಾ ಅಂತ ಕೇಳಿದ್ದೀರಿ. ಸಿನಿಮಾಕ್ಕೆ ಮೂಲವಾದ ಜೇನ್ ಆಸ್ಟೆನ್ ಕಾದಂಬರಿ ಓದಿಲ್ಲ ಅಂತಲೂ ಬರೆದಿದ್ದೀರಿ.

ತಪ್ಪೇನೂ ಇಲ್ಲ. ಇಷ್ಟ ಆದದ್ದು ಇಷ್ಟ ಆಯಿತು, ಅಷ್ಟೇ. ಆದರೆ ಬೈಯುವವರ ಸಿಟ್ಟೂ ಸುಮ್ನೆ ಹುಟ್ಟಿದ್ದಲ್ಲ. ನಾನು ಈ ಕಾದಂಬರಿಯನ್ನು ಆರೇಳು ಸಲ ಓದಿದ್ದೇನೆ. 1995, 2007, 2022ರ ಮೂರೂ ಸಿನಿಮಾ ನೋಡಿದ್ದೇನೆ. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಕಾದಂಬರಿಯ ಮಾತು. ಆನ್ ಎಲಿಯಟ್‌ಗೆ 27 ವರ್ಷ. 19ರಲ್ಲಿ ಫ್ರೆಡರಿಕ್ ವೆಂಟ್‌ವರ್ತ್ ಎಂಬ ನೌಕಾಪಡೆಯ ಹುಡುಗನನ್ನು ಒಪ್ಪಿದ್ದಳು. ಅವನಿಗೆ ಆಸ್ತಿ ಇಲ್ಲ, ಹೇಳಿಕೊಳ್ಳುವಂಥ ಮನೆತನ ಇಲ್ಲ. ತೀರಿಹೋದ ತಾಯಿಯ ಗೆಳತಿ ಲೇಡಿ ರಸೆಲ್ ಬುದ್ಧಿ ಹೇಳಿ ಆ ಸಂಬಂಧ ಬಿಡಿಸಿದಳು. ಎಂಟು ವರ್ಷ ಕಳೆದಿದೆ. ಈಗ 1814. ನೆಪೋಲಿಯನ್ ಸೋತಿದ್ದಾನೆ, ಯುದ್ಧ ನಿಂತಿದೆ, ಹಡಗಿನವರು ದಡಕ್ಕೆ ಬಂದಿದ್ದಾರೆ. ಶತ್ರುಗಳ ಹಡಗು ಹಿಡಿದರೆ ಅದರ ಬೆಲೆಯಲ್ಲಿ ಹಿಡಿದವರಿಗೂ ಪಾಲು ಸಿಗುತ್ತಿದ್ದ ಕಾಲ ಅದು. ಹಾಗೆ ಸುಮಾರು 25,000 ಪೌಂಡ್ ಮಾಡಿಕೊಂಡು ವೆಂಟ್‌ವರ್ತ್ ಕ್ಯಾಪ್ಟನ್ ಆಗಿ ವಾಪಸ್ ಬರುತ್ತಾನೆ. ಇತ್ತ ಆನ್‌ಳ ಅಪ್ಪ ಸಾಲ ಮಾಡಿಕೊಂಡು ಮನೆಯನ್ನೇ ಬಾಡಿಗೆಗೆ ಕೊಟ್ಟಿದ್ದಾನೆ. ಬಾಡಿಗೆಗೆ ಬಂದವಳು ವೆಂಟ್‌ವರ್ತ್‌ನ ಸ್ವಂತ ಅಕ್ಕ.

ಈಗ ಮುಖ್ಯವಾದದ್ದು. ಆನ್ ತನ್ನ ಮನೆಯವರ ನಡುವೆ ಲೆಕ್ಕಕ್ಕೇ ಇಲ್ಲದವಳು. ಮಗುವಿಗೆ ಪೆಟ್ಟಾದರೆ ಅವಳು ಬೇಕು, ತಂಗಿಗೆ ತಲೆನೋವು ಬಂದರೆ ಅವಳು ಬೇಕು. ಉಳಿದವರು ಕುಣಿಯುವಾಗ ಪಿಯಾನೊ ನುಡಿಸಲು ಅವಳು ಬೇಕು. ಅವಳ ಮಾತು ಮಾತ್ರ ಯಾರಿಗೂ ಬೇಡ. ಕುಣಿತ ನಡೆಯುವಾಗ ವೆಂಟ್‌ವರ್ತ್ ಜೊತೆಯ ಹುಡುಗಿಯನ್ನು ಕೇಳುತ್ತಾನೆ, ಮಿಸ್ ಎಲಿಯಟ್ ಕುಣಿಯುವುದೇ ಇಲ್ಲವಾ ಅಂತ. ಇಲ್ಲ, ಬಿಟ್ಟೇಬಿಟ್ಟಿದ್ದಾಳೆ ಅಂತ ಅವಳು ಹೇಳುತ್ತಾಳೆ. ಪಿಯಾನೊ ಮುಂದೆ ಕೂತವಳಿಗೆ ಅದು ಕೇಳಿಸುತ್ತದೆ. ಬೆರಳು ಮಾತ್ರ ನಿಲ್ಲುವುದಿಲ್ಲ.

ಇನ್ನೊಂದು ಜಾಗ ಹೇಳಲೇಬೇಕು. ಪೆಟ್ಟಾಗಿ ಮಲಗಿದ ಅಕ್ಕನ... ಅಲ್ಲ, ತಂಗಿಯ ಮಗನ ಪಕ್ಕ ಆನ್ ಮಂಡಿಯೂರಿ ಕೂತಿರುತ್ತಾಳೆ. ಅವನ ತಮ್ಮ, ಎರಡು ವರ್ಷದ ಪುಟ್ಟ, ಅವಳ ಬೆನ್ನಿಗೆ ಕೂಸುಮರಿ ಹತ್ತಿ ಕುತ್ತಿಗೆ ತಬ್ಬಿಕೊಂಡು ಇಳಿಯುವುದೇ ಇಲ್ಲ. ಗದರಿದರೂ ಇಲ್ಲ, ರಮಿಸಿದರೂ ಇಲ್ಲ. ಇದ್ದಕ್ಕಿದ್ದ ಹಾಗೆ ಯಾರೋ ಆ ಪುಟ್ಟ ಕೈಗಳನ್ನು ಬಿಡಿಸಿ ಮಗುವನ್ನು ಎತ್ತಿಕೊಳ್ಳುತ್ತಾರೆ. ಬೆನ್ನು ಹಗುರಾದ ಮೇಲೆ ಅವಳಿಗೆ ತಿಳಿಯುತ್ತದೆ, ಎತ್ತಿಕೊಂಡವನು ವೆಂಟ್‌ವರ್ತ್ ಅಂತ. ಅವನು ಒಂದು ಮಾತೂ ಆಡುವುದಿಲ್ಲ. ಅವಳಿಗೆ ಥ್ಯಾಂಕ್ಸ್ ಹೇಳಲೂ ಬಾಯಿ ಬರುವುದಿಲ್ಲ. ಇಡೀ ಕಾದಂಬರಿಯ ಜೀವ ಇರುವುದು ಇಂಥ ಕಡೆ. ಇಬ್ಬರೂ ಒಂದೇ ಕೋಣೆಯಲ್ಲಿ ಇರುತ್ತಾರೆ, ಮಾತು ಗಂಟಲಲ್ಲೇ ಸಿಕ್ಕಿಕೊಂಡಿರುತ್ತದೆ.

ಅದಕ್ಕೇ ಕೊನೆಯ ಪತ್ರಕ್ಕೆ ಅಷ್ಟು ಬಲ. ಬಾತ್ ಊರಿನ ಒಂದು ಹೋಟೆಲ್ ಕೋಣೆ. ಹೆಂಗಸರ ಪ್ರೀತಿ ಜಾಸ್ತಿ ದಿನ ಬಾಳುತ್ತದೋ, ಗಂಡಸರದ್ದೋ ಅಂತ ಆನ್ ಮತ್ತು ವೆಂಟ್‌ವರ್ತ್‌ನ ಗೆಳೆಯ ಕ್ಯಾಪ್ಟನ್ ಹಾರ್ವಿಲ್ ಮಾತಾಡುತ್ತಿದ್ದಾರೆ. ಸ್ವಲ್ಪ ದೂರದಲ್ಲಿ ವೆಂಟ್‌ವರ್ತ್ ಏನೋ ಬರೆಯುತ್ತಾ ಕೂತಿದ್ದಾನೆ. ಅವನ ಪೆನ್ನು ಕೆಳಗೆ ಬೀಳುತ್ತದೆ. ಅವನಿಗೆ ಕೇಳಿಸುತ್ತಿದೆ! ಅವಳ ಮಾತು ಕೇಳುತ್ತಲೇ ಅವಳಿಗೇ ಬರೆಯುತ್ತಾನೆ: ನಾನು ಅರ್ಧ ಸಂಕಟ, ಅರ್ಧ ಆಸೆ. ಎದ್ದು ಹೋಗಿ, ಕೈಗವಸು ಮರೆತೆ ಅಂತ ವಾಪಸ್ ಬಂದು, ಚೆಲ್ಲಿದ್ದ ಕಾಗದಗಳ ಅಡಿಯಿಂದ ಆ ಪತ್ರ ತೆಗೆದು ಅವಳ ಮುಂದಿಟ್ಟು ಹೋಗುತ್ತಾನೆ.

ಜೇನ್ ಆಸ್ಟೆನ್ ಮೊದಲು ಹೀಗೆ ಬರೆದಿರಲಿಲ್ಲ, ಗೊತ್ತಾ? ಮೊದಲ ಕರಡಿನಲ್ಲಿ ವೆಂಟ್‌ವರ್ತ್‌ನ ಅಕ್ಕನ ಗಂಡ ಅಡ್ಮಿರಲ್ ಕ್ರಾಫ್ಟ್ ಇಬ್ಬರನ್ನೂ ಒಂದು ಕೋಣೆಯಲ್ಲಿ ಸೇರಿಸುತ್ತಾನೆ. ಆ ಮನೆಯ ಮುಂದಿನ ವಾರಸುದಾರನ ಜೊತೆ ನಿಮ್ಮ ಮದುವೆ ಆಗುತ್ತದಂತೆ, ನಿಮ್ಮ ಮನೆ ಬಿಟ್ಟುಕೊಡಬೇಕಾ ಅಂತ ಆನ್‌ಳನ್ನು ವೆಂಟ್‌ವರ್ತ್ ಕೈಯಲ್ಲಿ ಕೇಳಿಸುತ್ತಾನೆ. ಅಲ್ಲಿಗೆ ಗಂಟು ಬಿಚ್ಚಿಕೊಳ್ಳುತ್ತದೆ. 1816ರಲ್ಲಿ, ಆರೋಗ್ಯ ಕೆಡುತ್ತಿದ್ದ ದಿನಗಳಲ್ಲಿ, ಆಕೆ ಅದನ್ನು ಬಿಟ್ಟು ಈ ಪತ್ರದ ಅಧ್ಯಾಯ ಬರೆದರು. ಮರುವರ್ಷ ಜುಲೈನಲ್ಲಿ ತೀರಿಕೊಂಡರು, ಪುಸ್ತಕ ಬಂದದ್ದು ಅದಾದ ಮೇಲೆ. ಕೈಬಿಟ್ಟ ಆ ಹಾಳೆಗಳು ಈಗಲೂ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಈಗ 2022ರ ಸಿನಿಮಾಕ್ಕೆ ಬರೋಣ. ಡಕೋಟಾ ಜಾನ್ಸನ್ ಚೆನ್ನಾಗಿ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಆ ಆನ್ ಶುರುವಿನಿಂದಲೇ ಕ್ಯಾಮೆರಾ ನೋಡಿ ನಮ್ಮ ಹತ್ತಿರ ಎಲ್ಲವನ್ನೂ ಹೇಳಿಕೊಳ್ಳುತ್ತಾಳೆ. ಅಪ್ಪನ ಬಗ್ಗೆ, ತಂಗಿಯ ಬಗ್ಗೆ, ಅವನ ಬಗ್ಗೆ. ಅವಳಿಗೆ ಕೇಳುವವರು ಸಿಕ್ಕಿಬಿಟ್ಟರು, ನಾವು! ಕಾದಂಬರಿಯ ಆನ್‌ಗೆ ಸಿಗದೇ ಇದ್ದದ್ದು ಅದೇ ಅಲ್ವಾ. ‘ಎಕ್ಸ್’ (ಹಳೆಯ ಪ್ರೇಮಿ) ಎಂಬ ಇವತ್ತಿನ ಮಾತನ್ನು ಅವಳ ಬಾಯಲ್ಲಿ ಹಾಕಿದ್ದಕ್ಕೆ ಜನ ಜಾಸ್ತಿ ಕೂಗಾಡಿದರು. ನನಗೆ ಅದು ಅಷ್ಟು ದೊಡ್ಡದಲ್ಲ. ಸಮುದ್ರದ ದಂಡೆಯಲ್ಲಿ ಇಬ್ಬರೂ ನಿಂತು, ಇನ್ನು ಮೇಲೆ ಸ್ನೇಹಿತರಾಗಿರೋಣ ಅಂತ ಮಾತಾಡಿಕೊಳ್ಳುವ ದೃಶ್ಯವಿದೆ. ಕತೆಯ ಬೆನ್ನು ಮುರಿದದ್ದು ಅಲ್ಲಿ. ಅಷ್ಟು ಮಾತಾಡಿಕೊಂಡವರಿಗೆ ಆಮೇಲೆ ಪತ್ರ ಯಾಕೆ ಬೇಕು? ಪತ್ರ ಬರುತ್ತದೆ, ಆದರೆ ಅದಕ್ಕೆ ಕೆಲಸವೇ ಉಳಿದಿಲ್ಲ. ಆ ಸಿನಿಮಾದ ತಂಗಿ ಮೇರಿ ಮಾತ್ರ ನನಗೂ ತುಂಬ ಹಿಡಿಸಿದಳು.

2007ರದ್ದು ಟಿವಿಗಾಗಿ ಮಾಡಿದ್ದು, ಒಂದೂವರೆ ಗಂಟೆ. ಸ್ಯಾಲಿ ಹಾಕಿನ್ಸ್ ಕಣ್ಣಲ್ಲಿ ಆ ನೋವು ಪೂರ್ತಿ ಇದೆ. ಅವಳೂ ಕ್ಯಾಮೆರಾ ನೋಡುತ್ತಾಳೆ, ಆದರೆ ಬಾಯಿ ಬಿಡುವುದಿಲ್ಲ. ಕೊನೆಯಲ್ಲಿ ಆನ್ ಬಾತ್ ಬೀದಿಗಳಲ್ಲಿ ಓಡುತ್ತಾಳಲ್ಲ, ಆ ಓಟದ ಮೇಲೆ ನೋಡಿದವರ ಜಗಳ ಇವತ್ತಿಗೂ ಮುಗಿದಿಲ್ಲ. ಆ ಕಾಲದ ಹೆಣ್ಣುಮಗಳು ಹಾಗೆ ಓಡುತ್ತಿರಲಿಲ್ಲ ಅಂತ ಒಬ್ಬರು, ಎಂಟು ವರ್ಷ ಕಾದವಳು ಓಡದೇ ಇರುತ್ತಾಳಾ ಅಂತ ಇನ್ನೊಬ್ಬರು. ನಾನು ಎರಡನೆಯವರ ಕಡೆ. ನನ್ನ ಬೇಸರ ಬೇರೆ. ಪ್ರೀತಿ ಎಷ್ಟು ದಿನ ಬಾಳುತ್ತದೆ ಎಂಬ ಮಾತನ್ನು ಇದರಲ್ಲಿ ಮೊದಲೇ, ಲೈಮ್ ಊರಿನಲ್ಲಿ, ವೆಂಟ್‌ವರ್ತ್‌ನ ಇನ್ನೊಬ್ಬ ಗೆಳೆಯ ಬೆನ್ವಿಕ್ ಜೊತೆ ಆಡಿಸಿಬಿಟ್ಟಿದ್ದಾರೆ. ಹಾಗಾಗಿ ಅವಳ ಮಾತು ಕೇಳುತ್ತಾ ಅವನು ಬರೆಯುವ ಆ ಗಳಿಗೆಯೇ ಇಲ್ಲ.

ನೀವು ನೋಡಬೇಕಾದ್ದು 1995ರದ್ದು. ರೋಜರ್ ಮಿಚೆಲ್ ನಿರ್ದೇಶನ, ಅಮಾಂಡಾ ರೂಟ್ ಮತ್ತು ಕಿಯರನ್ ಹೈಂಡ್ಸ್. ಬಿಬಿಸಿಗಾಗಿ ಮಾಡಿದ್ದು. ಅಂಚು ಕೆಸರಾದ ಬಟ್ಟೆ, ಮೋಂಬತ್ತಿ ಬೆಳಕಿನ ಮಂಕು ಕೋಣೆ, ಮೇಕಪ್ಪೇ ಇಲ್ಲದಂತಿರುವ ಮುಖಗಳು. ನಾಯಕಿ ಸೊರಗಿದ್ದಾಳೆ, ಚೆನ್ನಾಗಿಲ್ಲ ಅಂತ ಕೆಲವರು ದೂರುತ್ತಾರೆ. ಅವಳು ಬೇಗ ಬಾಡಿದವಳು ಅಂತ ಕಾದಂಬರಿಯ ಶುರುವಿನಲ್ಲೇ ಇದೆಯಲ್ಲ! ವೆಂಟ್‌ವರ್ತ್‌ನೇ ಅವಳನ್ನು ನೋಡಿ, ಗುರುತೇ ಸಿಗದಷ್ಟು ಬದಲಾಗಿದ್ದಾಳೆ ಅನ್ನುತ್ತಾನೆ. ಆ ಮುಖಕ್ಕೆ ಮೆಲ್ಲಮೆಲ್ಲಗೆ ಕಳೆ ಬರುವುದನ್ನು ನೋಡಬೇಕು ನೀವು.

ನಾನು ಇದನ್ನು ಮೊದಲು ನೋಡಿದ್ದು ಅಕ್ಕನ ಜೊತೆ. ಅರ್ಧ ಗಂಟೆ ಕಳೆದಾಗ ಅಕ್ಕ, "ಇವಳು ಯಾಕೆ ಮಾತೇ ಆಡಲ್ಲ ಕಣೇ?" ಅಂದಳು. ನಾನು ಸುಮ್ಮನಿದ್ದೆ. ನಡೆದು ದಣಿದ ಆನ್‌ಳನ್ನು ವೆಂಟ್‌ವರ್ತ್ ಮಾತಿಲ್ಲದೆ ಗಾಡಿಗೆ ಎತ್ತಿ ಕೂರಿಸುವ ಜಾಗ ಬಂದಾಗ ಅಕ್ಕ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. ಪತ್ರದ ಹೊತ್ತಿಗೆ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅವಳಿಗೂ ಒಂದು ಸಂಬಂಧ ದೊಡ್ಡವರ ಮಾತಿನಿಂದ ತಪ್ಪಿಹೋಗಿತ್ತು. ಅದರ ಬಗ್ಗೆ ನಾವಿಬ್ಬರೂ ಅವತ್ತೂ ಮಾತಾಡಲಿಲ್ಲ.

ಇದರಲ್ಲೂ ಕೊರತೆ ಇದೆ. ಕೊನೆಗೆ ನಡುಬೀದಿಯಲ್ಲಿ ಮುತ್ತು, ಪಕ್ಕದಲ್ಲೇ ಸರ್ಕಸ್ ಮೆರವಣಿಗೆ. ಪುಸ್ತಕದಲ್ಲಿ ಅವರು ಜನ ಕಡಿಮೆ ಇರುವ ದಾರಿ ಹಿಡಿದು, ನಡೆಯುತ್ತಾ ಮಾತಾಡುತ್ತಾರೆ, ನನಗೆ ಅದೇ ಚೆಂದ. ಜೇನ್ ಆಸ್ಟೆನ್ ಕೈಬಿಟ್ಟ ಅಡ್ಮಿರಲ್ ಪ್ರಸಂಗವನ್ನೂ ಇದರಲ್ಲಿ ಸೇರಿಸಿಕೊಂಡಿದ್ದಾರೆ. ಆದರೆ ಒಂದು ಜಾಣತನ ಮಾಡಿದ್ದಾರೆ: ಅಲ್ಲಿ ಗಂಟು ಬಿಚ್ಚಿಕೊಳ್ಳಲು ಬಿಟ್ಟಿಲ್ಲ. ಪತ್ರಕ್ಕೆ ಕೆಲಸ ಉಳಿಸಿದ್ದಾರೆ.

ಹಾಗಾಗಿ ಹೀಗೆ ಮಾಡಿ. ಒಂದು ರಾತ್ರಿ ಫೋನ್ ಪಕ್ಕಕ್ಕಿಟ್ಟು 1995ರದ್ದು ನೋಡಿ. ಶುರುವಿನಲ್ಲಿ ಯಾರು ಯಾರಿಗೆ ಏನಾಗಬೇಕು ಅಂತ ತಿಳಿಯಲು ಸ್ವಲ್ಪ ಕಷ್ಟ ಆಗುತ್ತದೆ, ಅಲ್ಲಿ ನಿಲ್ಲಿಸಬೇಡಿ. ಮರುದಿನ ಕಾದಂಬರಿಯ 23ನೇ ಅಧ್ಯಾಯ ಒಂದನ್ನೇ ಓದಿ. ಪುಸ್ತಕ ಹಳೆಯದು, ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅವನು ಹೊರಗೆ ಹೋದ ಮೇಲೆ ಆನ್ ಆ ಪತ್ರ ಓದಲು ಎಲ್ಲಿ ಕೂರುತ್ತಾಳೆ ಅಂತ ಗಮನಿಸಿ. ಅವನು ಬರೆಯುತ್ತಾ ಕೂತಿದ್ದ ಅದೇ ಕುರ್ಚಿಯಲ್ಲಿ.